ಘಾನಾಕ್ಕೆ ಗಾಣ ಕಳಿಸುವ ಮುನ್ನ

ಹಿಂದಿನ ಸಂಚಿಕೆಯಲ್ಲಿ ಪಶ್ಚಿಮ ಆಫ್ರಿಕಾದ ಸಣ್ಣ ಕೈಗಾರಿಕೆಗಳ ಬಗ್ಗೆ ಬರೆದ ಮೇಲೆ ಮಂಡ್ಯ, ಮೈಸೂರು ಜಿಲ್ಲೆಗಳಿಂದ ಬಂದ ಪತ್ರಗಳೇ ಹೆಚ್ಚು. ಕಬ್ಬಿನ ಸೀಮೆಯವರು ಕಬ್ಬನ್ನೇ ಕೇಳಿದ್ದಾರೆ, ಆಶ್ಚರ್ಯವಿಲ್ಲ. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಘಾನಾದ ಕೊಮೆಂಡಾದಲ್ಲಿ ಭಾರತದ ಸಾಲದಿಂದ ಸಕ್ಕರೆ ಕಾರ್ಖಾನೆ ಕಟ್ಟಿದರೂ ಅದು ಓಡಲಿಲ್ಲವಂತೆ. ಹೊಸ ಯಂತ್ರ ಯಾಕೆ ನಿಂತಿತು? (ಕಬ್ಬು ಬೆಳೆಗಾರರು, ಪಾಂಡವಪುರ)

ಕೊಮೆಂಡಾದಲ್ಲಿ 1960ರ ದಶಕದಲ್ಲೇ ಒಂದು ಸರ್ಕಾರಿ ಸಕ್ಕರೆ ಕಾರ್ಖಾನೆ ಇತ್ತು, ಅದು ಮುಚ್ಚಿಹೋಯಿತು. ಅದರ ಜಾಗದಲ್ಲಿ ಭಾರತದ ಎಕ್ಸಿಮ್ ಬ್ಯಾಂಕಿನ 3.5 ಕೋಟಿ ಡಾಲರ್ ಸಾಲದಿಂದ ಹೊಸದು ಎದ್ದಿತು. ದಿನಕ್ಕೆ 1,250 ಟನ್ ಕಬ್ಬು ಅರೆಯುವ ಸಾಮರ್ಥ್ಯ. 2016ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು, ಪರೀಕ್ಷಾರ್ಥ ಒಂದಿಷ್ಟು ಅರೆದರು, ಅಷ್ಟಕ್ಕೇ ನಿಂತಿತು. ಯಂತ್ರದ ಮೇಲೆ ತಪ್ಪು ಹೊರಿಸುವುದಕ್ಕಿಂತ ಮೊದಲು ಕಬ್ಬಿನ ಲೆಕ್ಕ ನೋಡಿ.

ದಿನಕ್ಕೆ 1,250 ಟನ್ ಎಂದರೆ 150 ದಿನದ ಹಂಗಾಮಿಗೆ 1,87,500 ಟನ್. ನಮ್ಮ ನಾಲೆ ಬಯಲಿನಲ್ಲಿ ಎಕರೆಗೆ 40 ಟನ್ ಬಂದರೆ ಇದಕ್ಕೆ ಸುಮಾರು 4,700 ಎಕರೆ ಸಾಕು. ಬರೀ ಮಳೆ ನಂಬಿ ಬೆಳೆದು ಎಕರೆಗೆ 20 ಟನ್ ಬಂದರೆ 9,400 ಎಕರೆ ಬೇಕು. ಜಮೀನು ಸಿಕ್ಕಿತು ಎನ್ನಿ, ಬಿತ್ತನೆ ಕಬ್ಬು ಎಲ್ಲಿಂದ ತರುತ್ತೀರಿ? ಮೂರು ಕಣ್ಣಿನ ತುಂಡು ಹಾಕುವ ಪದ್ಧತಿಯಲ್ಲಿ ಎಕರೆಗೆ 3ರಿಂದ 4 ಟನ್ ಬಿತ್ತನೆ ಹೋಗುತ್ತದೆ. ಒಂದು ಎಕರೆ ಬೀಜದ ತಾಕು ಮುಂದಿನ ವರ್ಷ 8ರಿಂದ 10 ಎಕರೆಗೆ ಸಾಲುತ್ತದೆ, ಅಷ್ಟೇ. 50 ಎಕರೆ ತಾಕಿನಿಂದ ಹೊರಟರೆ ಎರಡನೇ ವರ್ಷ 500, ಮೂರನೇ ವರ್ಷ 5,000 ಎಕರೆ. ಅಂದರೆ ಬಾಯ್ಲರಿಗೆ ಬೆಂಕಿ ಹಾಕುವ ದಿನಕ್ಕೆ ಮೂರು ವರ್ಷ ಮೊದಲೇ ನಾಟಿ ಶುರುವಾಗಿರಬೇಕು. ಅಲ್ಲಿ ಆದದ್ದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದ ಹಾಗೆ.

ಬೇರೆ ಊರಿನಿಂದ ಕಬ್ಬು ತರಿಸಬಹುದಿತ್ತಲ್ಲ ಎಂದು ಇನ್ನೊಬ್ಬರು ಕೇಳಿದ್ದಾರೆ. ಕಡಿದ ಕಬ್ಬನ್ನು 24 ಗಂಟೆಯೊಳಗೆ ಅರೆದರೆ ಒಳ್ಳೆಯದು, 48 ದಾಟಿದರೆ ನಷ್ಟ ಕಣ್ಣಿಗೆ ಕಾಣುತ್ತದೆ. ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಅದು ಹರಳುಗಟ್ಟದೆ ಕಾಕಂಬಿಗೆ ಸೇರುತ್ತದೆ. ಅದರ ಮೇಲೆ ಸೂಕ್ಷ್ಮಜೀವಿ ಹತ್ತಿದರೆ ರಸ ಲೋಳೆಯಾಗಿ ಸೋಸುವುದೂ ಕಷ್ಟ, ಪ್ಯಾನಿನಲ್ಲಿ ಕುದಿಯುವುದೂ ನಿಧಾನ. 10 ಟನ್ ಲಾರಿಯ ಲೆಕ್ಕ ಹಿಡಿದರೆ ದಿನಕ್ಕೆ 125 ಲೋಡು, ಹಗಲೂ ರಾತ್ರಿ, ಹನ್ನೆರಡು ನಿಮಿಷಕ್ಕೊಂದರಂತೆ ಬರುತ್ತಿರಬೇಕು.

ಕಬ್ಬು ಕಡಿಮೆಯಿದ್ದರೆ ಅರ್ಧ ವೇಗದಲ್ಲಿ ಓಡಿಸುವುದೂ ಸುಲಭವಲ್ಲ. ಸಕ್ಕರೆ ಕಾರ್ಖಾನೆಯ ಸೌದೆ ಅದರದೇ ರಚ್ಚು, ಅಂದರೆ ಬಗಾಸ್. ಕಬ್ಬಿನ ತೂಕದಲ್ಲಿ ಸುಮಾರು ಶೇ 30ರಷ್ಟು ಬರುತ್ತದೆ, ಅದರಲ್ಲೂ ಅರ್ಧ ನೀರೇ. ಗಿರಣಿ ನಿಂತರೆ ರಚ್ಚಿಲ್ಲ, ರಚ್ಚಿಲ್ಲದಿದ್ದರೆ ಹಬೆಯಿಲ್ಲ, ಹಬೆಯಿಲ್ಲದಿದ್ದರೆ ಟರ್ಬೈನೂ ಇಲ್ಲ, ರಸ ಕಾಯಿಸುವುದೂ ಇಲ್ಲ. ಮತ್ತೆ ಶುರು ಮಾಡಲು ಸೌದೆಯನ್ನೋ ಎಣ್ಣೆಯನ್ನೋ ಕಾಸು ಕೊಟ್ಟು ತರಬೇಕು. ಹೀಗೆ ಎರಡು ಸಲ ನಿಂತು ಹೊರಟರೆ ಆ ವಾರದ ಲಾಭ ಬಾಯ್ಲರಿನಲ್ಲೇ ಉರಿದುಹೋಗುತ್ತದೆ.

ಮಂಡ್ಯದಲ್ಲಿ ಅನುಕ್ರಮ ಬೇರೆಯಿತ್ತು. ಕನ್ನಂಬಾಡಿ ಕಟ್ಟೆ, ಆಮೇಲೆ ಇರ್ವಿನ್ ನಾಲೆ (ಈಗಿನ ವಿಶ್ವೇಶ್ವರಯ್ಯ ನಾಲೆ), ನೀರು ಬರುವ ಜಮೀನಿಗೆ ಕಬ್ಬು, ಅದರ ಜೊತೆಗೇ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ. ಕೃಷಿ ಇಲಾಖೆಯ ಮುಖ್ಯಸ್ಥರಾಗಿದ್ದ ಲೆಸ್ಲಿ ಕೋಲ್ಮನ್ ಇದರ ಹಿಂದಿದ್ದರು. ಸಕ್ಕರೆ ಕಾರ್ಖಾನೆಯ ಯೋಜನೆಯನ್ನು ಇಂಜಿನಿಯರಿಗಿಂತ ಮೊದಲು ಬೆಳೆ ಬಲ್ಲವನು ಓದಬೇಕು ಎನ್ನುವುದು ನಮ್ಮ ಅಭಿಪ್ರಾಯ.

ಪ್ರಶ್ನೆ: ನಾವು ಮೂರು ರೋಲಿನ ಪವರ್ ಗಾಣ ಮಾಡುತ್ತೇವೆ. ಪಶ್ಚಿಮ ಆಫ್ರಿಕಾಕ್ಕೆ ಕಳಿಸಬಹುದೇ? ಬೇರೆ ಯಾವ ಯಂತ್ರಕ್ಕೆ ಗಿರಾಕಿ ಇದೆ? (ವರ್ಕ್‌ಶಾಪ್ ಮಾಲೀಕರು, ಮದ್ದೂರು)

ಗಾಣಕ್ಕೆ ಉತ್ತರ ನೈಜೀರಿಯಾ ನೋಡಿ. ಹೌಸಾ ಮಾತಾಡುವ ಸೀಮೆಯಲ್ಲಿ ಬೆಲ್ಲ ಕಾಯಿಸುವ ಪದ್ಧತಿ ಮೊದಲಿಂದಲೂ ಇದೆ, ಅವರು ಅದನ್ನು ಮಜರ್‌ಕ್ವೈಲಾ ಎನ್ನುತ್ತಾರೆ. ಆಲೆಮನೆ ಇದ್ದ ಹಾಗೇ: ಗಾಣ, ಒಲೆ, ಕೊಪ್ಪರಿಗೆ, ಅಚ್ಚು. ನವೆಂಬರಿನಿಂದ ಮಾರ್ಚ್‌ವರೆಗೆ ಸಹಾರಾ ಕಡೆಯ ಒಣ ಗಾಳಿ, ಅವರ ಬಾಯಲ್ಲಿ ಹರ್ಮಟಾನ್, ಬೀಸುವುದರಿಂದ ರಚ್ಚು ಬೇಗ ಒಣಗುತ್ತದೆ, ಒಲೆಗೆ ಸೌದೆಯ ಚಿಂತೆ ಕಡಿಮೆ.

ಗಾಣದಲ್ಲಿ ಒಂದು ಬದಲಾವಣೆ ಮಾಡಿ. ರೋಲಿನ ಶಾಫ್ಟಿಗೆ ಆಮದು ಬೇರಿಂಗ್ ಹಾಕುವ ಮೋಹ ಬಿಟ್ಟು ಗನ್‌ಮೆಟಲ್ (ತಾಮ್ರ, ತವರದ ಮಿಶ್ರಲೋಹ) ಬುಷ್ ಹಾಕಿ. ಬೇರಿಂಗ್ ಹೋದರೆ ಲಾಗೋಸಿನಿಂದ ಬರುವವರೆಗೆ ಗಾಣ ನಿಲ್ಲುತ್ತದೆ. ಬುಷ್ ಹೋದರೆ ಅಲ್ಲಿನ ಎರಕದವನು ಎರಡೇ ದಿನದಲ್ಲಿ ಹೊಯ್ದು, ಲೇತಿನಲ್ಲಿ ಕಡೆದು ಕೊಡುತ್ತಾನೆ. ಅಂಥ ಕೈಗಳು ಅಲ್ಲಿ ಧಾರಾಳ. ಘಾನಾದ ಕುಮಾಸಿಯಲ್ಲಿ ಸುವಾಮೆ ಮ್ಯಾಗಜೀನ್ ಎಂಬ ಬಡಾವಣೆಯಿದೆ. ಹೆಸರು ಕೇಳಿ ಪತ್ರಿಕೆ ಅಂದುಕೊಳ್ಳಬೇಡಿ, ಹಿಂದೆ ಮದ್ದುಗುಂಡಿನ ಉಗ್ರಾಣವಿದ್ದದ್ದರಿಂದ ಬಂದ ಹೆಸರು. ಸಾವಿರಾರು ಮೆಕ್ಯಾನಿಕ್, ಬೆಸುಗೆ, ಎರಕ, ಲೇತ್ ಅಂಗಡಿಗಳು ಒಂದೇ ಕಡೆ. ಕುಮಾಸಿಯ ತಾಂತ್ರಿಕ ವಿಶ್ವವಿದ್ಯಾಲಯ 1972ರಲ್ಲಿ ತೆರೆದ ಸಲಹಾ ಕೇಂದ್ರವು 1980ರಲ್ಲಿ ಇಲ್ಲೇ ಒಂದು ತರಬೇತಿ ಕಾರ್ಯಾಗಾರ ಹಾಕಿ, ಗುಜರಿ ರಿಪೇರಿ ಮಾಡುತ್ತಿದ್ದವರಿಗೆ ಹೊಸ ಯಂತ್ರ ಕಡೆಯುವುದನ್ನು ಕಲಿಸಿತು. ನಿಮ್ಮ ಪೈಪೋಟಿ ಚೀನಾದ ಜೊತೆ ಮಾತ್ರವಲ್ಲ, ಇವರ ಜೊತೆಗೂ. ಬುದ್ಧಿವಂತರಾದರೆ ಅವರನ್ನೇ ಸರ್ವಿಸ್ ಪಾಲುದಾರರನ್ನಾಗಿ ಮಾಡಿಕೊಳ್ಳಿ.

ಇನ್ನೊಂದು ಗಿರಾಕಿಯುಳ್ಳ ಯಂತ್ರ ಮರಗೆಣಸು ತುರಿಯುವುದು. ನೈಜೀರಿಯಾ ಜಗತ್ತಿನಲ್ಲೇ ಅತಿ ಹೆಚ್ಚು ಮರಗೆಣಸು ಬೆಳೆಯುವ ದೇಶ. ಕಿತ್ತ ಗೆಡ್ಡೆ ಎರಡು ಮೂರು ದಿನಕ್ಕೇ ಒಳಗೆ ಕಪ್ಪು ಗೆರೆ ಬಿದ್ದು ಕೆಡುವುದರಿಂದ ಊರೂರಲ್ಲೂ ‘ಗರಿ’ ಮಾಡುವ ಮನೆಗಳಿವೆ. ಗರಿ ನಮ್ಮ ಹುರಿದ ಚಿರೋಟಿ ರವೆಯ ಹಾಗೆ ಇರುತ್ತದೆ. ಸಿಪ್ಪೆ ತೆಗೆದು, ತೊಳೆದು, ತುರಿದು, ಚೀಲಕ್ಕೆ ತುಂಬಿ ಒತ್ತಿನ ಕೆಳಗಿಟ್ಟು ಹುಳಿ ಬರಿಸಿ, ಹಿಂಡಿದ ಮುದ್ದೆಯನ್ನು ಪುಡಿ ಮಾಡಿ ಜರಡಿ ಹಿಡಿದು, ಅಗಲ ಬಾಣಲೆಯಲ್ಲಿ ಕೈಬಿಡದೆ ಹುರಿಯುತ್ತಾರೆ. 100 ಕಿಲೋ ಗೆಡ್ಡೆಗೆ 20ರಿಂದ 25 ಕಿಲೋ ಗರಿ.

ತುರಿಯುವ ಡ್ರಮ್ಮಿಗೆ ಅಲ್ಲಿಯವರು ಗ್ಯಾಲ್ವನೈಸ್ಡ್ ತಗಡಿಗೆ ಮೊಳೆಯಿಂದ ತೂತು ಹೊಡೆದು, ಚೂಪು ಹೊರಗೆ ಬರುವಂತೆ ಸುತ್ತುತ್ತಾರೆ. ಅಗ್ಗ, ಸರಿ. ಆದರೆ ಗೆಡ್ಡೆಯ ರಸದ ಹುಳಿ ಸತುವನ್ನು ತಿಂದು ತಗಡು ತುಕ್ಕು ಹಿಡಿಯುತ್ತದೆ, ತುಕ್ಕು ಹಿಟ್ಟಿಗೆ ಇಳಿಯುತ್ತದೆ. ನೀವು 1 ಎಂ.ಎಂ. ದಪ್ಪದ 304 ಸ್ಟೇನ್‌ಲೆಸ್ ಹಾಳೆ ಹಾಕಿ, ಬೆಸೆಯಬೇಡಿ, ಬೋಲ್ಟಿನಿಂದ ಬಿಗಿಯಿರಿ. ಗೆಡ್ಡೆಗಂಟಿದ ಮಣ್ಣು, ಮರಳಿಗೆ ಚೂಪು ಸವೆಯುವುದು ಖಂಡಿತ, ಸವೆದಾಗ ಹಾಳೆ ಬಿಚ್ಚಿ ಹೊಸದು ಹಾಕುವಂತಿರಲಿ. ಯಂತ್ರದ ಜೊತೆ ಎರಡು ಹಾಳೆ ಹೆಚ್ಚಿಗೆ ಕಳಿಸಿ.

ಬೇರಿಂಗನ್ನು ಗೆಡ್ಡೆ ಸುರಿಯುವ ಹಾಪರಿನ ಗೋಡೆಗೆ ಅಂಟಿಸಿ ಕೂರಿಸುವುದು ಎಲ್ಲರೂ ಮಾಡುವ ತಪ್ಪು. ರಸ ಶಾಫ್ಟಿನ ಗುಂಟ ನುಗ್ಗಿ ಗ್ರೀಸ್ ತೊಳೆಯುತ್ತದೆ. ಗೋಡೆಗೂ ಬೇರಿಂಗಿಗೂ ಮೂರು ಇಂಚು ಬಿಟ್ಟು, ನಡುವೆ ಶಾಫ್ಟಿಗೆ ಒಂದು ರಬ್ಬರ್ ಬಿಲ್ಲೆ ಹಾಕಿದರೆ ರಸ ಅಲ್ಲೇ ಚಿಮ್ಮಿ ಬೀಳುತ್ತದೆ. ಯುಸಿಪಿ 205 ಅಥವಾ 206 ಬೇರಿಂಗ್, ಬಿ ಸೆಕ್ಷನ್ ಬೆಲ್ಟ್ ಹಾಕಿ, ಅವು ಯಾವ ಊರಿನ ಅಂಗಡಿಯಲ್ಲಾದರೂ ಸಿಗುತ್ತವೆ. ಮೋಟರಿಗೆಂದು ನಿಮಿಷಕ್ಕೆ 1,440 ಸುತ್ತಿನ ಲೆಕ್ಕದಲ್ಲಿ ಮಾಡಿದ ಯಂತ್ರಕ್ಕೆ ಅಲ್ಲಿ 3,600 ಸುತ್ತಿನ ಪೆಟ್ರೋಲ್ ಎಂಜಿನ್ ಕೂರಿಸುತ್ತಾರೆ ಎಂಬುದು ನೆನಪಿರಲಿ: ಎಂಜಿನ್ ಪುಲ್ಲಿ 3 ಇಂಚಾದರೆ ಡ್ರಮ್ ಪುಲ್ಲಿ ಏಳೂವರೆ ಇಂಚು ಬೇಕು. ಎರಡೂ ಪುಲ್ಲಿ ಪೆಟ್ಟಿಗೆಯಲ್ಲೇ ಇಡಿ.

ಬೇಗ ಹಿಂಡುವ ಹೈಡ್ರಾಲಿಕ್ ಪ್ರೆಸ್ ಕೊಡುತ್ತೇವೆ ಎಂದೂ ಬರೆದಿದ್ದೀರಿ. ಒಂದು ಗಂಟೆಯಲ್ಲಿ ಹಿಂಡಿ ಹುರಿದರೆ ಹುಳಿ ಬರುವುದಿಲ್ಲ. ಹುಳಿ ಬರಲೆಂದೇ ಎರಡು ಮೂರು ದಿನ ಬಿಡುವ ಕಡೆ ಅದನ್ನು ಗರಿ ಎಂದು ಯಾರೂ ಕೊಳ್ಳುವುದಿಲ್ಲ. ಆ ಹೊತ್ತಿನಲ್ಲೇ ಗೆಡ್ಡೆಯ ಸೈನೈಡಿನ ವಿಷವೂ ಇಳಿಯುವುದು. ನಿಜವಾದ ಇಕ್ಕಟ್ಟು ಹುರಿಯುವ ಕಡೆ ಇದೆ. ತುರಿಯುವ ಯಂತ್ರ ಗಂಟೆಗೆ ಒಂದು ಟನ್ ಮುಗಿಸಿ ಸುಮ್ಮನೆ ಕೂರುತ್ತದೆ, ಬಾಣಲೆಯ ಮುಂದೆ ಹೆಂಗಸರು ಹೊಗೆ ಕುಡಿಯುತ್ತ ದಿನವಿಡೀ ಹುರಿಯುತ್ತಾರೆ. ಆಲೆಮನೆ ಒಲೆ ಕಟ್ಟುವ ಮೇಸ್ತ್ರಿ ಗೊತ್ತಿದ್ದರೆ, ಹೊರಗಿನಿಂದ ಸೌದೆ ಹಾಕುವ, ಚಿಮಣಿಯುಳ್ಳ ಬಾಣಲೆ ಒಲೆಯ ನಕ್ಷೆ ಮಾಡಿಸಿ. ಪ್ರೆಸ್ಸಿಗಿಂತ ಅದು ಮಾರಾಟವಾಗುತ್ತದೆ. ಹಿಂಡಿದ ನೀರು ಹರಿಯಲು ಇಂಗುಗುಂಡಿ ಬೇಕೆಂದು ಕೈಪಿಡಿಯಲ್ಲಿ ಬರೆಯಿರಿ, ಕೆರೆಗೆ ಬಿಟ್ಟರೆ ಮೀನು ಸಾಯುತ್ತವೆ.

ಪ್ರಶ್ನೆ: ನಮ್ಮ ಮೋಟರ್, ಪ್ಯಾನೆಲ್ ಅಲ್ಲಿ ಹಾಗೇ ನಡೆಯುತ್ತವೆಯೇ? (ಹೆಬ್ಬಾಳ ಕೈಗಾರಿಕಾ ಪ್ರದೇಶ, ಮೈಸೂರು)

ಘಾನಾ, ನೈಜೀರಿಯಾ, ಐವರಿ ಕೋಸ್ಟ್, ಸೆನೆಗಲ್ ಎಲ್ಲ ಕಡೆ 50 ಹರ್ಟ್ಜ್, ಸಿಂಗಲ್ ಫೇಸ್ 220ರಿಂದ 240 ವೋಲ್ಟ್, ತ್ರೀ ಫೇಸ್ 400ರ ಆಸುಪಾಸು. ಮೋಟರ್ ವೇಗ ಬದಲಾಗದು. ಲೈಬೀರಿಯಾಕ್ಕಾದರೆ ಮೊದಲು ಕೇಳಿ, ಅಲ್ಲಿ ಅಮೆರಿಕದ 60 ಹರ್ಟ್ಜ್ ಪದ್ಧತಿಯ ಉಳಿಕೆಯಿದೆ. 60ರಲ್ಲಿ ಮೋಟರ್ ಶೇ 20 ಜೋರಾಗಿ ತಿರುಗುತ್ತದೆ. ಬ್ಲೋವರ್ ಆದರೆ ಹೊರೆ 1.2ರ ಘನ, ಅಂದರೆ 1.73 ಪಟ್ಟು. ಮೋಟರ್ ಸುಡಲು ಅಷ್ಟು ಸಾಕು.

ವೋಲ್ಟೇಜ್ ಹೊಂದಿದರೆ ಸಾಲದು, ಕರೆಂಟ್ ಇರಬೇಕಲ್ಲ. ಘಾನಾದಲ್ಲಿ ವಿದ್ಯುತ್ ಕಡಿತಕ್ಕೆ ‘ದುಮ್‌ಸೋರ್’ ಎಂಬ ಪದವೇ ಹುಟ್ಟಿದೆ, ಆರುವುದು ಮತ್ತು ಹತ್ತುವುದು ಎಂದರ್ಥ. ಪ್ಯಾನೆಲ್ಲಿಗೆ ಸಿಂಗಲ್ ಫೇಸಿಂಗ್ (ಮೂರರಲ್ಲಿ ಒಂದು ಫೇಸ್ ಹೋಗುವುದು) ತಡೆಯುವ ರಿಲೇ, ವೋಲ್ಟೇಜ್ ತೀರ ಇಳಿದರೆ ಅಥವಾ ಏರಿದರೆ ಕರೆಂಟ್ ಕಡಿಯುವ ರಿಲೇ, ಕರೆಂಟ್ ಬಂದ ಮೇಲೆ ಮೂರು ನಿಮಿಷ ಕಾಯುವ ಟೈಮರ್ ಕಡ್ಡಾಯವಾಗಿ ಹಾಕಿ. ಜನರೇಟರಿಗೆ ಲೆಕ್ಕ ಬೇರೆ: ನೇರ ಸ್ಟಾರ್ಟರಿನಲ್ಲಿ 10 ಎಚ್‌ಪಿ ಮೋಟರ್ ಹೊರಡುವಾಗ ಆರು ಪಟ್ಟು ಕರೆಂಟ್ ಎಳೆಯುತ್ತದೆ. ಸ್ಟಾರ್-ಡೆಲ್ಟಾ ಹಾಕಿದರೆ ಅದು ಮೂರನೇ ಒಂದಕ್ಕೆ ಇಳಿದು ಸಣ್ಣ ಜನರೇಟರ್ ಸಾಕಾಗುತ್ತದೆ. ಹೊರಡುವ ಬಲವೂ ಅಷ್ಟೇ ಇಳಿಯುವುದರಿಂದ ಗಾಣಕ್ಕೆ ಕಬ್ಬು ಕೊಟ್ಟುಕೊಂಡು ಸ್ವಿಚ್ ಹಾಕಬಾರದು.

ಪ್ರಶ್ನೆ: ಘಾನಾದ ಅಕೊಸೊಂಬೊ ಅಣೆಕಟ್ಟನ್ನು ಒಂದೇ ಒಂದು ಅಲ್ಯೂಮಿನಿಯಂ ಕಾರ್ಖಾನೆಗಾಗಿ ಕಟ್ಟಿದರೆಂಬುದು ನಿಜವೇ? (ಇಂಜಿನಿಯರಿಂಗ್ ವಿದ್ಯಾರ್ಥಿನಿ, ಮಳವಳ್ಳಿ)

ನಿಮ್ಮ ತಾಲ್ಲೂಕಿನ ಶಿವನಸಮುದ್ರದ ಕರೆಂಟು 1902ರಲ್ಲಿ ಮೊದಲು ಹೋದದ್ದು ಎಲ್ಲಿಗೆ? ಮೈಸೂರಿಗಲ್ಲ, ಮಂಡ್ಯಕ್ಕಲ್ಲ, ಕೋಲಾರದ ಚಿನ್ನದ ಗಣಿಗೆ. ದೊಡ್ಡ ಗಿರಾಕಿಯೊಬ್ಬ ಕರೆಂಟು ಕೊಳ್ಳುತ್ತೇನೆಂದು ಒಪ್ಪಿದರೆ ಮಾತ್ರ ಸಾಲ ಹುಟ್ಟುತ್ತದೆ. 1960ರ ದಶಕದಲ್ಲಿ ಘಾನಾದ ಮೊದಲ ಅಧ್ಯಕ್ಷ ಕ್ವಾಮೆ ಎನ್‌ಕ್ರುಮಾ ಸರ್ಕಾರದ ಮುಂದಿದ್ದದ್ದೂ ಇದೇ ಲೆಕ್ಕ. ಆ ಗಿರಾಕಿ ಟೆಮಾ ಬಂದರಿನ ಅಲ್ಯೂಮಿನಿಯಂ ಕಾರ್ಖಾನೆ ವಾಲ್ಕೊ, ಅಮೆರಿಕದ ಕೈಸರ್ ಮತ್ತು ರೆನಾಲ್ಡ್ಸ್ ಕಂಪನಿಗಳದು. 1967ರಲ್ಲಿ ಉತ್ಪಾದನೆ ಶುರು.

ವಾಲ್ಕೊದ ಪೂರ್ಣ ಸಾಮರ್ಥ್ಯ ವರ್ಷಕ್ಕೆ 2 ಲಕ್ಷ ಟನ್. ಕಿಲೋ ಅಲ್ಯೂಮಿನಿಯಮ್ಮಿಗೆ 15 ಯೂನಿಟ್ ಹಿಡಿದರೆ 300 ಕೋಟಿ ಯೂನಿಟ್. ವರ್ಷದ 8,760 ಗಂಟೆಗೆ ಭಾಗಿಸಿ, ಸುಮಾರು 340 ಮೆಗಾವ್ಯಾಟ್ ಬಿಡುವಿಲ್ಲದೆ ಬೇಕು. ಅಕೊಸೊಂಬೊದ ಈಗಿನ ಸಾಮರ್ಥ್ಯ 1,020 ಮೆಗಾವ್ಯಾಟ್, ಅದರಲ್ಲಿ ಮೂರನೇ ಒಂದು ಪಾಲು ಇದೊಂದಕ್ಕೇ. ಕರಗಿದ ದ್ರಾವಣ 950 ಡಿಗ್ರಿಯ ಮೇಲಿರುತ್ತದೆ. ಕೆಲವೇ ಗಂಟೆ ಕರೆಂಟು ಹೋದರೂ ಪಾಟುಗಳಲ್ಲಿ, ಅಂದರೆ ಅದು ತುಂಬಿರುವ ತೊಟ್ಟಿಗಳಲ್ಲಿ, ಗಟ್ಟಿಯಾಗಿ ಕೂತುಬಿಡುತ್ತದೆ. ಆಮೇಲೆ ಒಡೆದು ತೆಗೆಯಬೇಕು. 1983-84ರ ಬರದಲ್ಲಿ ಜಲಾಶಯ ಇಳಿದಾಗ ವಾಲ್ಕೊವನ್ನೇ ನಿಲ್ಲಿಸಬೇಕಾಯಿತು.

ಇನ್ನೊಂದು ವಿಚಿತ್ರ, ಘಾನಾದಲ್ಲಿ ಅಲ್ಯೂಮಿನಿಯಮ್ಮಿನ ಅದಿರಾದ ಬಾಕ್ಸೈಟಿನ ಗಣಿಯಿದೆ, ಅವಾಸೊದಲ್ಲಿ. ಅಲ್ಲಿಯ ಅದಿರು ಹಡಗೇರಿ ಹೊರಹೋಗುತ್ತಿತ್ತು, ವಾಲ್ಕೊಗೆ ಬೇಕಾದ ಅಲ್ಯೂಮಿನಾ (ಅದಿರನ್ನು ಶುದ್ಧೀಕರಿಸಿದ ಪುಡಿ) ಹಡಗಿನಲ್ಲಿ ಒಳಬರುತ್ತಿತ್ತು. ನಡುವೆ ಬೇಕಾದ ಶುದ್ಧೀಕರಣ ಘಟಕವನ್ನು ಅಲ್ಲಿ ಕಟ್ಟಲಿಲ್ಲ.

ಪ್ರಶ್ನೆ: ಆಫ್ರಿಕಾದ ಕಚ್ಚಾ ಗೋಡಂಬಿ ತರಿಸಿ ಮೈಸೂರಿನಲ್ಲಿ ಘಟಕ ಹಾಕುವ ಯೋಚನೆಯಿದೆ. ಗುಣಮಟ್ಟ ಹೇಗೆ ನೋಡುವುದು? (ವ್ಯಾಪಾರಿ, ಮೈಸೂರು)

ಬೆಲೆ ನಿಂತಿರುವುದು ಔಟ್‌ಟರ್ನ್ ಮೇಲೆ, ಅಂದರೆ 80 ಕಿಲೋ ಚೀಲಕ್ಕೆ ಎಷ್ಟು ಪೌಂಡ್ ತಿರುಳು ಬರುತ್ತದೆ ಎಂಬುದರ ಮೇಲೆ. ಬೇರೆ ಬೇರೆ ಚೀಲಗಳಿಂದ ತೆಗೆದು ಬೆರೆಸಿದ ಒಂದು ಕಿಲೋ ಬೀಜ ಕತ್ತರಿಸಿ. ಒಳ್ಳೆಯ ತಿರುಳಿನ ತೂಕಕ್ಕೆ ಚುಕ್ಕೆ ಬಿದ್ದದ್ದರ, ಮುದುರಿದ್ದರ ಅರ್ಧ ತೂಕ ಸೇರಿಸಿ, ಕೊಳೆತದ್ದನ್ನು ಬಿಡಿ. ಬಂದ ಗ್ರಾಮನ್ನು 0.1764ರಿಂದ ಗುಣಿಸಿ. 255 ಗ್ರಾಂ ಒಳ್ಳೆಯದು, 30 ಗ್ರಾಂ ಚುಕ್ಕೆಯದಾದರೆ 270 ಗ್ರಾಂ, ಅಂದರೆ 47.6 ಪೌಂಡ್. ಪಶ್ಚಿಮ ಆಫ್ರಿಕಾದ ಮಾಲಿಗೆ 46ರ ಮೇಲಿದ್ದರೆ ಚೆನ್ನ. ತೇವ ಶೇ 10 ದಾಟಿದ ಮಾಲು ಕಂಟೇನರಿನಲ್ಲಿ ಬೆವೆತು ಬೂಷ್ಟು ಹಿಡಿಯುತ್ತದೆ. ಹತ್ತಬೇಕಾದ ಕಡೆ ಒಂದು, ಇಳಿದ ಕಡೆ ಒಂದು, ಎರಡು ಪರೀಕ್ಷೆ ಕರಾರಿನಲ್ಲಿರಲಿ.

ಘಟಕದ ಅಡಿಪಾಯ ಹಾಕುವ ಮುಂಚೆ ಇದನ್ನೂ ಯೋಚಿಸಿ. ಬೆನಿನ್ ದೇಶ 2024ರ ಏಪ್ರಿಲ್‌ನಿಂದ ಕಚ್ಚಾ ಗೋಡಂಬಿ ರಫ್ತು ನಿಲ್ಲಿಸಿ, ಗ್ಲೋ-ಜಿಗ್ಬೆ ಕೈಗಾರಿಕಾ ವಲಯದಲ್ಲಿ ತಾನೇ ಸುಲಿಯುತ್ತಿದೆ. ಕಚ್ಚಾ ಗೋಡಂಬಿಯಲ್ಲಿ ಜಗತ್ತಿಗೇ ಮೊದಲಾದ ಐವರಿ ಕೋಸ್ಟ್ ಕೂಡ ಅದೇ ದಾರಿಯಲ್ಲಿದೆ. ಮಂಗಳೂರಿನ ಕಾರ್ಖಾನೆಗಳೇ ಕಚ್ಚಾ ಮಾಲಿಗೆ ಪರದಾಡುವಾಗ ಬಂದರಿನಿಂದ ಘಾಟಿ ಹತ್ತಿಸಿ ತರುವ ಮೈಸೂರಿನ ಘಟಕ ಗಿಟ್ಟುವುದು ಅನುಮಾನ. ಹುರಿದು, ಮಸಾಲೆ ಹಾಕಿ, ಪ್ಯಾಕೆಟ್ ಮಾಡುವ ಕೆಲಸವಾದರೆ ಮೈಸೂರೇ ವಾಸಿ.

ಪ್ರಶ್ನೆ: ಕೋಕೋ ಅವರದು, ಚಾಕೊಲೇಟ್ ಯುರೋಪಿನದು. ಯಾಕೆ? (ಗೃಹಿಣಿ, ಶ್ರೀರಂಗಪಟ್ಟಣ)

ಐವರಿ ಕೋಸ್ಟ್, ಘಾನಾ ಸೇರಿ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೋಕೋ ಬೆಳೆಯುತ್ತವೆ. ಬೀಜ ಅರೆದು ಬೆಣ್ಣೆ, ಪುಡಿ ಮಾಡುವುದು ಟೆಮಾ, ಆಬಿಜಾನ್‌ಗಳಲ್ಲೂ ನಡೆಯುತ್ತದೆ. ಚಾಕೊಲೇಟಿಗೆ ಹಾಲಿನ ಪುಡಿ, ಸಕ್ಕರೆ ಬೇಕು, ಎರಡೂ ಬಹುಮಟ್ಟಿಗೆ ಆಮದು. ಕೋಕೋ ಬೆಣ್ಣೆ 34 ಡಿಗ್ರಿಗೇ ಕರಗುತ್ತದೆ, ಅಂಗಡಿಯವರೆಗೂ ತಂಪು ಬೇಕು. ನಮ್ಮ ಪುತ್ತೂರಿನಲ್ಲಿ 1986ರಿಂದ ಕ್ಯಾಂಪ್ಕೋ ಚಾಕೊಲೇಟ್ ಮಾಡುತ್ತಿರುವುದು ನಡೆದದ್ದು ಹಾಲು, ಸಕ್ಕರೆ, ಕೊಳ್ಳುವವರು ಮೂವರೂ ದೇಶದೊಳಗೇ ಇದ್ದದ್ದರಿಂದ.

ಪ್ರಶ್ನೆ: ಯಂತ್ರ ಕಳಿಸುವಾಗ ಸುಂಕ, ಪ್ಯಾಕಿಂಗ್, ಹಣ ಪಡೆಯುವ ಬಗ್ಗೆ ತಿಳಿಸಿ. (ಮಂಡ್ಯ, ಮೈಸೂರಿನ ನಾಲ್ಕು ಓದುಗರು)

ಪಶ್ಚಿಮ ಆಫ್ರಿಕಾದ ಒಕ್ಕೂಟ ಎಕೊವಾಸ್‌ನ ಸಾಮಾನ್ಯ ಸುಂಕ ಪಟ್ಟಿ 2015ರಿಂದ ಜಾರಿಯಲ್ಲಿದೆ. ಐದು ಮೆಟ್ಟಿಲು: ಶೇ 0, 5, 10, 20, 35. ಯಂತ್ರಗಳು ಸಾಮಾನ್ಯವಾಗಿ 5ರಲ್ಲಿ ಬರುತ್ತವೆ, ಆದರೆ ಬಿಲ್ಲಿನಲ್ಲಿ ‘ಕಬ್ಬಿಣದ ಸಾಮಾನು’ ಎಂದು ಬರೆದು 20ಕ್ಕೆ ಸಿಕ್ಕಿಕೊಳ್ಳುವವರಿದ್ದಾರೆ. ಅಕ್ಕಿ, ಧಾನ್ಯದ ಯಂತ್ರಕ್ಕೆ 8437, ಆಹಾರ ತಯಾರಿಸುವ ಯಂತ್ರಕ್ಕೆ 8438 ಎಂಬ ಸುಂಕ ಶೀರ್ಷಿಕೆ ನಮೂದಿಸಿ. ಬಿಡಿಭಾಗಗಳನ್ನು ಅದೇ ಶೀರ್ಷಿಕೆಯಲ್ಲಿ ಅದೇ ಲೋಡಿನಲ್ಲಿ ಕಳಿಸಿ, ಆಮೇಲೆ ಬೇರೆ ಕಳಿಸಿದರೆ ತಲೆನೋವು. ನೈಜೀರಿಯಾಕ್ಕೆ ಕೊಳ್ಳುವವನು ತನ್ನ ಬ್ಯಾಂಕಿನಲ್ಲಿ ‘ಫಾರ್ಮ್ ಎಂ’ ಎಂಬ ಆಮದು ಅರ್ಜಿ ಮಾಡಿಸಿದ ಮೇಲೆಯೇ, ಸೋನ್‌ಕ್ಯಾಪ್ ಎಂಬ ಗುಣಮಟ್ಟದ ಪ್ರಮಾಣಪತ್ರ ಕೈಯಲ್ಲಿದ್ದಾಗಲೇ ಮಾಲು ಹತ್ತಿಸಿ. ಹಡಗು ಹೊರಟ ಮೇಲೆ ಕಾಗದ ಮಾಡಿಸುತ್ತೇನೆ ಎಂಬ ಮಾತು ನಂಬಬೇಡಿ, ಬಂದರಿನ ಬಾಡಿಗೆ ದಿನಲೆಕ್ಕದಲ್ಲಿ ಏರುತ್ತದೆ.

20 ಅಡಿ ಕಂಟೇನರಿನ ಒಳ ಉದ್ದ 5.9 ಮೀಟರ್, ಅಗಲ 2.35, ಎತ್ತರ 2.39. ಬಾಗಿಲಿನ ಎತ್ತರ ಮಾತ್ರ 2.28. ಈ 11 ಸೆಂಟಿಮೀಟರಿನಲ್ಲಿ ಎಡವಿ ಹಾಪರ್ ಕತ್ತರಿಸಿದವರಿದ್ದಾರೆ. ಹಾಪರ್, ಚಿಮಣಿ ಬೋಲ್ಟಿನಲ್ಲಿ ಬಿಚ್ಚುವಂತಿರಲಿ. ಕಡೆದ ಮೈಗಳಿಗೆ ಗ್ರೀಸ್ ಬಳಿದು ಎಣ್ಣೆಕಾಗದ ಸುತ್ತಿ, ಮೋಟರಿನ ಟರ್ಮಿನಲ್ ಪೆಟ್ಟಿಗೆಯೊಳಗೆ ಸಿಲಿಕಾ ಚೀಲ ಇಡಿ. ಮರದ ಪೆಟ್ಟಿಗೆಗೆ, ಹುಳು ಸಾಯುವಂತೆ ಶಾಖ ಕೊಟ್ಟಿದೆ ಎಂದು ತೋರಿಸುವ ಐಎಸ್‌ಪಿಎಂ-15 ಮುದ್ರೆ ಬೇಕು, ಗುಜರಿ ಹಲಗೆಯಲ್ಲಿ ಹೊಡೆದ ಪೆಟ್ಟಿಗೆ ಬಂದರಿನಲ್ಲೇ ನಿಲ್ಲುತ್ತದೆ.

ಹಣದ ವಿಷಯಕ್ಕೆ ಬಂದರೆ, ಸೆನೆಗಲ್, ಐವರಿ ಕೋಸ್ಟ್, ಬೆನಿನ್ ಕಡೆಯ ಸಿಎಫ್‌ಎ ಫ್ರಾಂಕ್ ಯೂರೋಗೆ ಕಟ್ಟಿಹಾಕಿದ ನಾಣ್ಯ, ಒಂದು ಯೂರೋಗೆ 655.957, ಕದಲುವುದಿಲ್ಲ. ನೈಜೀರಿಯಾದ ನೈರಾ ಹಾಗಲ್ಲ. 2023ರ ಜೂನ್‌ನಲ್ಲಿ ಕಟ್ಟು ಸಡಿಲಿಸಿದ ಮೇಲೆ ಕುಸಿದು ಬಿತ್ತು, ಡಾಲರಿನಲ್ಲಿ ದರ ಒಪ್ಪಿದ್ದವರಿಗೆ ಯಂತ್ರದ ಬೆಲೆ ತಿಂಗಳೊಳಗೆ ಒಂದೂವರೆ ಪಟ್ಟಾಯಿತು. ನಿಮ್ಮ ಕೊಟೇಶನ್ ಡಾಲರಿನಲ್ಲಿ, 15 ದಿನಕ್ಕೆ ಮಾತ್ರ ಇರಲಿ. ಲೆಟರ್ ಆಫ್ ಕ್ರೆಡಿಟ್ (ಕೊಳ್ಳುವವನ ಬ್ಯಾಂಕು ಹಣ ಕೊಡುತ್ತೇನೆಂದು ಬರೆದುಕೊಡುವ ಪತ್ರ) ಆದರೆ ಬೇರೆ ದೇಶದ ಬ್ಯಾಂಕೊಂದು ಖಾತರಿ ಕೊಟ್ಟದ್ದೇ ಬೇಕೆಂದು ಕೇಳಿ. ಅದಿಲ್ಲದಿದ್ದರೆ ಶೇ 30 ಮುಂಗಡ ಬಂದ ಮೇಲೆ ಕಬ್ಬಿಣ ಕತ್ತರಿಸಿ, ಉಳಿದದ್ದು ಕೈಸೇರುವವರೆಗೆ ಹಡಗಿನ ಮೂಲ ರಸೀದಿ ನಿಮ್ಮ ಬ್ಯಾಂಕಿನಲ್ಲೇ ಇರಲಿ.